ಹಾಲುಮಗಳ ಅಂಗಾಲು

ಹುಮನಾಬಾದ
ಮಂಗಳವಾರ, ೨೮ ಮಾರ್ಚ್ ೧೯೫೦

ವೈಜೂನ ಅಪ್ಪನವರಿಗೆ,

ರಾತ್ರಿ ಎರಡು ಹೊಡೆದಿರಬೇಕು. ಯಾರೋ ಬಸಿಯಲ್ಲಿ ಬಿಸಿ ಚಹಾ ಸುರುವಿಕೊಂಡು ಸುರ್ ಸುರ್ ಎಂದು ಹೀರುತ್ತಿರುವ ಸದ್ದಿಗೆ ಎಚ್ಚರವಾಯಿತು. ಕನಸಿನಲ್ಲಿ ಅದು ನೀವೇ ಆಗಿದ್ದಿರಿ. ಕಲ್ಯಾಣದಿಂದ ಬಂದುಬಿಟ್ಟಿದ್ದೀರಿ, ಕಟ್ಟೆಯ ಮೇಲೆ ಕುಳಿತಿದ್ದೀರಿ, ನಾನು ಕೊಟ್ಟ ಚಹಾ ನಿಮ್ಮ ನಾಲಗೆ ಸುಡುತ್ತಿದೆ. ಕಣ್ಣು ಬಿಟ್ಟರೆ ಅಂಗಳದಲ್ಲಿ ನನ್ನ ಹೊರಸು, ಪಕ್ಕದಲ್ಲಿ ವೈಜು, ಮೇಲೆ ಬೇವಿನ ಗಿಡ. ನೀವಿರಲಿಲ್ಲ. ಸದ್ದು ಮಾತ್ರ ಕನಸಿನಿಂದ ನನ್ನ ಜೊತೆಗೇ ಎದ್ದು ಬಂದಿತ್ತು. ಅದು ಗೋಡೆಯಾಚೆ ಫಕ್ರುನ್ನೀಸಾಳ ಕೂಸು, ಕಟ್ಟಿದ ಮೂಗಿನಿಂದ ಉಸಿರೆಳೆಯುವ ಸದ್ದು.

ಕ್ಷೇಮ ಕೇಳುವ ಮೊದಲೇ ಪಕ್ಕದ ಮನೆಯ ಮಾತು ತೆಗೆದೆ, ಕ್ಷಮಿಸಿ. ನೀವು ಬರೆದ ಕಾಗದಗಳೆರಡೂ ಸೇರಿವೆ. ಉತ್ತರ ತಡವಾಯಿತೆಂದು ಬೈಯಬೇಡಿ. ದಿನಾ ರಾತ್ರಿ ಹೊರಸಿನ ಮೇಲೆ ಮಲಗಿಕೊಂಡು ನಿಮಗೆ ಉದ್ದುದ್ದ ಕಾಗದ ಬರೆಯುತ್ತೇನೆ, ಮನಸ್ಸಿನಲ್ಲೇ. ಒಳ್ಳೆಯ ಮಾತುಗಳೇ ಬರುತ್ತವೆ. ಬೆಳಗ್ಗೆ ನೋಡಿದರೆ ಬೇವಿನ ಹೂವು ಉದುರಿ ಹಾಸಿಗೆಯೆಲ್ಲ ಬೆಳ್ಳಗಾಗಿರುತ್ತದೆ, ಒಂದು ಮಾತೂ ನೆನಪಿರುವುದಿಲ್ಲ. ಇವತ್ತು ಎದ್ದು ಕಂದೀಲು ಹಚ್ಚಿಕೊಂಡು ಕುಳಿತೇಬಿಟ್ಟಿದ್ದೇನೆ.

ಅತ್ತೆಯವರು ಚೆನ್ನಾಗಿದ್ದಾರೆ. ಮೊಣಕಾಲು ನೋವೆನ್ನುತ್ತಾರೆ, ಆದರೆ ಮಾಣಿಕನಗರದ ಪ್ರಭುಗಳ ದರ್ಶನಕ್ಕೆ ಹೊರಟರೆ ಟಾಂಗಾ ಬೇಡ, ನಡೆದೇ ಹೋಗುತ್ತಾರೆ. ವೈಜು ಈಗ ಗೋಡೆ ಹಿಡಿದು ನಿಲ್ಲುತ್ತಾನೆ. ನಿಂತಿರುವವನು ತಾನೇ ಎಂದು ಗೊತ್ತಾದ ಕೂಡಲೇ ಹೆದರಿ ಕೂತುಬಿಡುತ್ತಾನೆ. ಕೆಳಗೆ ಹಲ್ಲು ಬಂದಿವೆ. ನನ್ನ ಮೇಲೆ ಮಾತ್ರ ಅವನಿಗೆ ಸಿಟ್ಟು. ಭಾನುವಾರದಿಂದ ಎದೆಹಾಲು ಬಿಡಿಸಿ ಆಕಳ ಹಾಲು ಹಾಕುತ್ತಿದ್ದೇನೆ. ಬಿಸಿಲು ಹೆಚ್ಚಾಗಿದೆ, ನನಗೂ ಮೈ ಸರಿಯಿಲ್ಲ ಎಂದು ಅತ್ತೆಯವರಿಗೆ ಹೇಳಿದೆ. “ಬಿ.ಎ. ಪಾಸಾದವರ ಎದಿಗೂ ರಜಾ ಇರತಾವೇನವಾ” ಎಂದರು. ಎಂದವರೇ ವೈಜೂನನ್ನು ಎತ್ತಿಕೊಂಡು ಹೋಗಿ ತಾವೇ ಬಟ್ಟಲಿನಿಂದ ಕುಡಿಸಿದರು.

ಕಲ್ಯಾಣದ ಪೇಟೆಯಲ್ಲಿ ಆರೋಗ್ಯ ಇಲಾಖೆಯ ಗುಪ್ತರೋಗದ ಭಾಷಣಕ್ಕೆ ನೀವು ಚಿತ್ರದ ಲಾಂದ್ರ ಹಚ್ಚಿದಾಗ ಜನ ಕಿಲ್ಲೆಯ ದಾರಿಯವರೆಗೂ ನಿಂತಿದ್ದರೆಂದು ಬರೆದಿದ್ದೀರಿ. ಓದಿ ಹಿಗ್ಗಿದೆ. ಬಸವಣ್ಣನ ಊರಿನಲ್ಲಿ ಇಂಥ ರೋಗದ ಮಾತೇ ಎಂದು ಸಿಡಿಮಿಡಿಗೊಂಡು ಎದ್ದುಹೋದ ಹಿರಿಯರು ಮರುದಿನ ಮಧ್ಯಾಹ್ನ ನೀವಿಳಿದ ಬಂಗಲೆಯ ಹಿಂಬಾಗಿಲಿನಿಂದ ಬಂದು ತಮ್ಮದನ್ನೇ ತೋರಿಸಿಕೊಂಡರೆಂಬುದನ್ನು ಅತ್ತೆಯವರಿಗೆ ಓದಿ ಹೇಳಲಿಲ್ಲ. ನಾನೊಬ್ಬಳೇ ನಕ್ಕೆ. ಆಮೇಲೆ ನಗು ಹೇಗೆ ಹೋಯಿತೋ ತಿಳಿಯದು. ಮುಂಬಾಗಿಲಿನಿಂದ ಯಾಕೆ ಬರಲಿಲ್ಲ ಅವರು, ಎಂದು ಯೋಚಿಸುತ್ತ ಕುಳಿತೆ.

ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ನಮ್ಮ ಅಂಗಳದಲ್ಲಿ ಹೆಂಗಸರನ್ನು ಕರೆದದ್ದು ನೆನಪಿದೆಯೆ? ಹುಮನಾಬಾದಿನ ಪೇಟೆ ಭಾಷಣಕ್ಕೆ ಒಬ್ಬ ಹೆಂಗಸೂ ಬರಲಿಲ್ಲವೆಂದು ನಾವಿಬ್ಬರೂ ಕೂಡಿ ಹೂಡಿದ ಉಪಾಯ ಅದು. ಎಳ್ಳು-ಬೆಲ್ಲಕ್ಕೆ ಹೋಗುತ್ತೇನೆಂದರೆ ಯಾವ ಗಂಡ ಬೇಡವೆನ್ನುತ್ತಾನೆ? ಪಕ್ಕದ ಮನೆಯ ಕುಲ್ಸುಮ್ ಬೀ ಕೂಡ ಸೊಸೆ ಫಕ್ರುನ್ನೀಸಾಳಿಗೆ ಬುರ್ಖಾ ಹಾಕಿ ಕರೆತಂದಿದ್ದರು. ಅವಳಿಗೆ ಆಗ ದಿನ ತುಂಬುತ್ತಿತ್ತು. ನಿಮ್ಮ ಧೋತರಗಳನ್ನು ಕೂಡಿಸಿ ಹೊಲಿದು ಹಗ್ಗಕ್ಕೆ ಕಟ್ಟಿದ್ದೆ. ಆಚೆ ನೀವು, ನಿಮ್ಮ ಲಾಂದ್ರ, ಈಚೆ ನಾವು. ಚಿತ್ರಗಳು ನಮಗೆ ಬಟ್ಟೆಯ ಹಿಂಬದಿಯಿಂದ ಕಾಣುತ್ತಿದ್ದವು, ಎಡ ಬಲವಾಗಿ, ಬಲ ಎಡವಾಗಿ. ಗಾಳಿ ಬಂದರೆ ಚಿತ್ರದ ರೋಗಿಗಳೆಲ್ಲ ಉಸಿರಾಡಿದಂತಾಗುತ್ತಿತ್ತು. ನೀವು ಪುಸ್ತಕದ ಮಾತಿನಲ್ಲಿ ಹೇಳುತ್ತಿದ್ದಿರಿ, ನಾನು ಅದನ್ನು ಹೆಂಗಸರ ಮಾತಿಗೆ ಇಳಿಸುತ್ತಿದ್ದೆ. ನೀವು ಸಿಫಿಲಿಸ್ ಎಂದರೆ ನಾನು ಗರ್ಮಿ ಎನ್ನುತ್ತಿದ್ದೆ. “ಎಳ್ಳು ಬೆಲ್ಲ ಹಂಚೋ ಹೊತ್ತಿನ್ಯಾಗ ಇದೇನು ತೋರಸ್ತಾನವಾ ನನ್ನ ಮಗ” ಎಂದು ಅತ್ತೆಯವರು ಅಂದಾಗ ಎಲ್ಲರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆ ನಗೆಯಲ್ಲೇ ಹೆದರಿಕೆ ಸ್ವಲ್ಪ ಸಡಿಲವಾಗಿತ್ತು.

ಆಗ ಇಲಾಖೆಯವರು ಅಚ್ಚುಹಾಕಿಸಿ ಕಳಿಸಿದ ಆ ವಾಕ್ಯ ಬಂತು. ಇದು ದಾರಿ ತಪ್ಪಿದವರ ಮೈಗೆ ಹತ್ತುವ ರೋಗ. ನಗುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟರು. ಫಕ್ರುನ್ನೀಸಾ ನನ್ನ ಮಗ್ಗುಲಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ನಕಾಬು ಸ್ವಲ್ಪವೇ ಎತ್ತಿ ನನ್ನ ಕಿವಿಯಲ್ಲಿ ಕೇಳಿದಳು:

“ದಾರಿ ತಪ್ಪದವರಿಗೂ ಹತ್ತಿತಂದ್ರ, ಅದಕ್ಕ ಏನಂತಾರ್ರಿ ಬಾಯಿ?”

ಯಾರ ಪ್ರಶ್ನೆಯೆಂದು ಹೇಳದೆ, ಪರದೆಗೆ ಬಾಯಿ ಹಚ್ಚಿ ಅದನ್ನೇ ನಿಮಗೆ ಕೇಳಿದೆ. ಆಚೆಯಿಂದ ನೀವು “ಮುಂದಿನ ಚಿತ್ರ” ಎಂದಿರಿ. ಮುಂದಿನ ಚಿತ್ರ, ಒಂದು ಕೂಸಿನ ಅಂಗಾಲು.

ಊಟಕ್ಕೆ ಕುಳಿತಾಗ ನೀವು ಕೊಟ್ಟ ಕಾರಣ ಸುಳ್ಳಲ್ಲ. ಗಂಡನಿಂದಲೇ ಹೆಂಡತಿಗೆ ಬರುತ್ತದೆಂದು ತುಂಬಿದ ಅಂಗಳದಲ್ಲಿ ಹೇಳಿದರೆ ನಾಳೆಯಿಂದ ಯಾವ ಗಂಡನೂ ಹೆಂಡತಿಯನ್ನು ಕಳಿಸುವುದಿಲ್ಲ. ಮೊದಲು ಹೆದರಲಿ, ಆಮೇಲೆ ಕಲಿಯುತ್ತಾರೆ ಎಂದಿರಿ. ಹೆದರಿದವರು ಕಲಿಯುವುದಿಲ್ಲ, ಬಚ್ಚಿಡುತ್ತಾರೆ ಎಂದೆ ನಾನು. ಸಾರು ಆರುವವರೆಗೂ ವಾದಿಸಿದೆವು.

ಆಮೇಲೆ ಕೂಸು ಹುಟ್ಟಿತು. ಅಂಗೈಯಗಲದ ಕೂಸಿಗೆ ಅರಮನೆಯಷ್ಟು ದೊಡ್ಡ ಹೆಸರು, ದಿಲ್ಶಾದ್ ಬೇಗಂ. ಬಾಣಂತಿ ಜ್ವರದಲ್ಲಿ ಫಕ್ರುನ್ನೀಸಾಳ ಹಾಲು ಬತ್ತಿತು. ಕುಲ್ಸುಮ್ ಬೀ ಕೂಸನ್ನು ಹಸಿರು ಬಟ್ಟೆಯಲ್ಲಿ ಸುತ್ತಿಕೊಂಡು ನಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತಾಗ ನೀವೂ ಮನೆಯಲ್ಲಿದ್ದಿರಿ. ನಿಮ್ಮ ಮುಖ ನೋಡಿದೆ. ಕೊಡು, ಇಬ್ಬರಿಗಾಗುವಷ್ಟು ಹಾಲಿದೆ ನಿನಗೆ, ಪುಣ್ಯದ ಕೆಲಸ ಎಂದಿರಿ. ಅತ್ತೆಯವರು ಏನೆನ್ನುತ್ತಾರೋ ಎಂದು ನಾನು ಹಿಂಜರಿದರೆ ಅವರು, “ಮಡಿ ನನಗ ಇರತೈತಿ, ಕೂಸಿಗ್ಯಾಕ” ಎಂದು ತಾವೇ ಕೈ ಚಾಚಿ ಇಸಿದುಕೊಂಡರು. ಮರುದಿನ ಕುಲ್ಸುಮ್ ಬೀ ಒಂದು ತಾಟಿನಲ್ಲಿ ಸಕ್ಕರೆ, ಕುಪ್ಪಸದ ಬಟ್ಟೆ, ಹಸಿರು ಬಳೆ ತಂದರು. ಇನ್ನು ಮೇಲೆ ನಾನು ದಿಲ್ಶಾದಳ ಹಾಲಿನ ತಾಯಿಯಂತೆ, ವೈಜು ಅವಳ ಅಣ್ಣನಂತೆ. ನಾಳೆ ಅವಳ ನಿಕಾಹಿಗೆ ನನ್ನನ್ನು ಕೇಳದೆ ಅವರು ಹೂಂ ಎನ್ನುವಂತಿಲ್ಲವಂತೆ.

ಆ ದಿನಗಳನ್ನು ನೆನೆದರೆ ಈಗಲೂ ಕಣ್ಣು ತಾನಾಗಿ ಮುಚ್ಚುತ್ತದೆ. ಎಡಕ್ಕೆ ವೈಜು, ಬಲಕ್ಕೆ ದಿಲ್ಶಾದ್. ಮಧ್ಯಾಹ್ನದ ಬಿಸಿಲು ಅಂಗಳದಲ್ಲಿ ಕಾಲು ನೀಡಿ ಮಲಗಿರುತ್ತಿತ್ತು. ನಾನು ಎಲ್ಲಿ ಮುಗಿದೆ, ಕೂಸುಗಳು ಎಲ್ಲಿ ಶುರುವಾದವು ಎಂಬುದು ತಿಳಿಯುತ್ತಿರಲಿಲ್ಲ. ಕಾಲೇಜಿನಲ್ಲಿ ಓದಿದ್ದೆಲ್ಲ ಹಾಲಾಗಿ ಇಳಿದುಹೋಗುತ್ತಿದೆ ಎನಿಸುತ್ತಿತ್ತು, ಹೋಗಲಿ ಎನಿಸುತ್ತಿತ್ತು.

ಕೂಸಿಗೆ ನೆಗಡಿ ಹಿಡಿದು ಬಿಡದೇ ಹೋದಾಗ ನೀವೇ ನೋಡಿದಿರಿ. ಬಾಗಿಲ ಪರದೆಯ ಈಚೆ ಕುಲ್ಸುಮ್ ಬೀ ಅದನ್ನು ಎತ್ತಿ ಹಿಡಿದಿದ್ದರು. ಎದೆಗೆ ನಳಿಗೆ ಇಟ್ಟು ಕೇಳಿದಿರಿ. ಅಂಗೈ ಅಂಗಾಲಿಗೆ ಮೆಹಂದಿ ಕಂಡು “ಮದುಮಗಳ ಹಾಂಗ ಸಿಂಗಾರ ಮಾಡ್ಯಾರ” ಎಂದು ನಕ್ಕಿರಿ. ಮೈಯಾಗ ಉಷ್ಣ ಎದ್ದದ, ತಂಪಿಗೆ ಹಚ್ಚೀನಿ ಎಂದರು ಅವರು. ಈ ಕಡೆ ಎಲ್ಲರೂ ಮಾಡುವುದೇ ಅದು. ಕೂಸಿನ ಮೈ ಕೆಂಪಗಾದರೆ ಮೆಹಂದಿ ಅರೆದು ಹಚ್ಚುತ್ತಾರೆ, ಬಣ್ಣ ಮಾಸುವ ಮೊದಲೇ ಮತ್ತೆ ಹಚ್ಚುತ್ತಾರೆ. ನೆಗಡಿ ಅಷ್ಟೆ, ಬೆಚ್ಚಗಿಡ್ರಿ ಎಂದು ಹೇಳಿ ನೀವು ಕಲ್ಯಾಣದ ಮೋಟರು ಹತ್ತಿದಿರಿ.

ಮೊನ್ನೆ ಭಾನುವಾರ ಬಾಣಂತಿಯ ಚಿಲ್ಲಾ ಮುಗಿಯಿತು, ನಲವತ್ತರ ನೀರು. ಈ ಸಲ ಮೆಹಂದಿಯ ಗಿಡವನ್ನು ಆಡುಗಳು ಮೇದುಬಿಟ್ಟಿದ್ದವು. ಹಾಲಿನ ತಾಯಿಯೇ ಎಣ್ಣೆ ಹಚ್ಚಬೇಕೆಂದು ನನ್ನನ್ನು ಕರೆದರು. ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡು ಅಂಗಾಲು ಉಜ್ಜಿದೆ. ಮೆಹಂದಿ ಮಾಸಿತ್ತು, ಕೆಂಪು ಮಾಸಿರಲಿಲ್ಲ. ತಾಮ್ರದ ಬಣ್ಣದ ಕಲೆಗಳು, ಅಂಚಿನಲ್ಲಿ ಸುಲಿದ ಚರ್ಮ, ಅರಗು ಬಳಿದಂಥ ಹೊಳಪು. ಬಾಯಿಯ ಮೂಲೆಯಲ್ಲಿ ಸಣ್ಣ ಸೀಳುಗಳು. ಸುತ್ತ ಹೆಂಗಸರು ಹಾಡುತ್ತಿದ್ದರು, ನನಗೆ ಕೇಳಿಸಲಿಲ್ಲ. ನಿಮ್ಮ ಧೋತರದ ಮೇಲೆ ಗಾಳಿಗೆ ಅಲುಗಿದ ಆ ಪಾದ, ಹಿಂಬದಿಯಿಂದ ಕಂಡ ಪಾದ, ಬಟ್ಟೆಯಿಂದ ಇಳಿದು ನನ್ನ ಮಡಿಲಿಗೆ ಬಂದು ಮಲಗಿದೆ ಎನಿಸಿತು.

ಮನೆಗೆ ಬಂದು ನಿಮ್ಮ ದಪ್ಪ ಪುಸ್ತಕ ಇಳಿಸಿ ಓದಿದೆ. ಕೂಸಿನ ಮೂಗಿನ ಸದ್ದನ್ನೂ ಅದರಲ್ಲಿ ಬರೆದಿದ್ದಾರೆ. ಇಂಥ ಕೂಸಿನಿಂದ ಹೆತ್ತ ತಾಯಿಯ ಎದೆಯೊಂದಕ್ಕೇ ಭಯವಿಲ್ಲವಂತೆ. ಬೇರೆ ಹೆಂಗಸಿನ ಎದೆಗೆ ಹಾಕಬಾರದಂತೆ. ಅಂದಿನಿಂದ ದಿಲ್ಶಾದಳಿಗೆ ನಾನು ಹಾಲು ಕೊಟ್ಟಿಲ್ಲ. ಜ್ವರ ಬಂದಿದೆ ಎಂದೆ.

ನಿನ್ನೆ ಮಧ್ಯಾಹ್ನ ಫಕ್ರುನ್ನೀಸಾ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಿಸಲು ಬಂದಳು. ನಮ್ಮ ಮಾಳಿಗೆಗೂ ಅವರದಕ್ಕೂ ನಡುವೆ ಮೊಣಕಾಲೆತ್ತರದ ಗೋಡೆ. ಹೇಗೆ ಕೇಳಲಿ ಎಂದು ನಾನು ಮಾತು ಹುಡುಕುತ್ತಿದ್ದರೆ ಅವಳೇ, ಕಾಲಿನ ಬಣ್ಣ ನೋಡಿದ್ರೇನು ಬಾಯಿ, ಎಂದಳು. ಅವಳಿಗೆ ಗೊತ್ತಿತ್ತು. ಸಂಕ್ರಾಂತಿಗೆ ಮುಂಚಿನಿಂದಲೂ ಗೊತ್ತಿತ್ತು.

ಪೊಲೀಸ್ ಆ್ಯಕ್ಷನ್ನಿನ ಗದ್ದಲದಲ್ಲಿ ಬಳೆ ಮಾರುವ ಅವಳ ಗಂಡ ಹಬೀಬ್ ತನ್ನ ಗಂಟನ್ನು ಬಾವಿಗೆ ಎಸೆದು ಹೈದರಾಬಾದಿಗೆ ಓಡಿದ್ದು ನಿಮಗೂ ಗೊತ್ತು. ತಿಂಗಳುಗಟ್ಟಲೆ ಬದುಕಿದ್ದಾನೋ ಇಲ್ಲವೋ ಎಂಬ ಸುದ್ದಿಯೂ ಇರಲಿಲ್ಲ. ಅಲ್ಲಿ ಯಾವುದೋ ಮುಸಾಫಿರಖಾನೆಯಲ್ಲಿ ಬಿದ್ದುಕೊಂಡಿದ್ದಾಗ ಹತ್ತಿದ್ದು. ಒಬ್ಬ ಹಕೀಮ ಪಾದರಸದ ಹೊಗೆ ಕೊಟ್ಟನಂತೆ, ಬಾಯೆಲ್ಲ ಜೊಲ್ಲು ಸುರಿದು ಒಸಡು ಸಡಿಲವಾದವಂತೆ, ಹುಣ್ಣು ಒಣಗಿತಂತೆ. ಒಣಗಿದ್ದು ಹೋಯಿತೆಂದೇ ಅವನು ನಂಬಿದ. ದರ್ಗಾದಲ್ಲಿ ಫಕೀರರಿಗೆ ಊಟ ಹಾಕಿಸಿ, ಶುದ್ಧನಾದೆನೆಂದು ಮನೆಗೆ ಬಂದ. ಕೆಲವು ತಿಂಗಳಿಗೆ ಅವಳ ಮೈಮೇಲೆ ಗಂಧೆಯಂಥದು ಎದ್ದು ತಾನಾಗಿ ಅಡಗಿತು. ಯಾಕೆ ಕೇಳಲಿಲ್ಲ ಅವನನ್ನು, ಎಂದೆ.

“ಬಂದ ದಿನ ಕೂಸಿನಂಗ ಅತ್ತರು ಬಾಯಿ. ಜೀವಂತ ಬಂದಾರಲ್ಲ, ಇನ್ನೇನು ಕೇಳ್ಲಿ ಅಂತ ಬಿಟ್ಟೆ.”

ಮೆಣಸಿನಕಾಯಿ ಹರವುತ್ತ ಹರವುತ್ತ ಹೇಳಿದಳು, ಕೈ ನಿಲ್ಲಿಸಲಿಲ್ಲ. ತನ್ನ ಅತ್ತೆಗೆ ತಿಳಿದರೆ ಮಗನನ್ನು ಬಯ್ಯುವುದಿಲ್ಲ, ಗಂಡ ಇಲ್ಲದ ದಿನಗಳಲ್ಲಿ ಸೊಸೆ ಏನು ಮಾಡಿದಳು ಎಂದು ಕೇಳುತ್ತಾರೆ ಎಂಬುದು ಅವಳ ಭಯ. ಭಾಷಣದಲ್ಲಿ ಅವರೂ ಕೂತಿದ್ದರಲ್ಲ, ದಾರಿ ತಪ್ಪಿದವರ ಮಾತು ಅವರಿಗೆ ಬಾಯಿಪಾಠವಾಗಿದೆಯಂತೆ. ಸೂಜಿಮದ್ದು ಇದೆ, ಮೂವರಿಗೂ ವಾಸಿಯಾಗುತ್ತದೆ, ಕೂಸೂ ಉಳಿಯುತ್ತದೆ ಎಂದೆ. ಅವಳು ಹೇಳಿದ್ದು ಇಷ್ಟು:

“ಡಾಕ್ಟರ್ ಸಾಹೇಬರಿಗೆ ಮಾತ್ರ ಹೇಳ್ರಿ. ಅವರು ನಮ್ಮವರ ಕೂಡ ಮಾತಾಡ್ಲಿ. ಗಂಡಸರು ಹೇಳಿದ್ರ ಅದು ರೋಗ ಆಗ್ತದ. ನಾ ಹೇಳಿದ್ರ ನನ್ನ ತಪ್ಪು ಆಗ್ತದ.”

ಅದಕ್ಕೇ ಈ ಕಾಗದ. ಇದಿಷ್ಟೇ ಆಗಿದ್ದರೆ ನೀವು ಬರುವವರೆಗೆ ಕಾಯುತ್ತಿದ್ದೆ. ಆದರೆ ನನ್ನ ಜ್ವರದ ಮಾತು ನಂಬಿ ಕುಲ್ಸುಮ್ ಬೀ ನಿನ್ನೆ ಸಂಜೆ ದುಬಲಗುಂಡಿಗೆ ಹೇಳಿಕಳಿಸಿದ್ದಾರೆ. ಅಲ್ಲಿಯ ಸಂಗಪ್ಪನ ಹೆಂಡತಿ ಕಾಶಮ್ಮ, ಕೂಲಿಗೆ ಹೋಗುವವಳು, ನಾಳೆ ಬುಧವಾರ ಬೆಳಗಾಗುವಷ್ಟರಲ್ಲಿ ಬಂಡಿಯಲ್ಲಿ ಬರುತ್ತಾಳೆ, ದಿಲ್ಶಾದಳಿಗೆ ಹಾಲು ಕೊಡಲು. ನಿಮಗೆ ನೆನಪಿರಬಹುದು, ಗಂಡನ ಕಾಲಿನ ಹುಣ್ಣು ತೋರಿಸಲು ಬಂದು, ನಿಮ್ಮ ಟಿಂಚರಿನ ವಾಸನೆಗೆ ಸೀನಿ ಸೀನಿ ನಕ್ಕವಳು. ಅವಳ ಕಂಕುಳಲ್ಲೂ ಒಂದು ಹಾಲುಗೂಸಿದೆ.

ಕಂದೀಲಿನ ಎಣ್ಣೆ ಮುಗಿಯುತ್ತ ಬಂತು. ಅಕ್ಷರಗಳು ಈಜಾಡುತ್ತಿವೆ. ಉಳಿದದ್ದು ಬೆಳಗ್ಗೆ.

ಬೆಳಗ್ಗೆ, ಒಲೆಯ ಮುಂದೆ

ನಿದ್ದೆ ಬಂದಿತ್ತೋ ಏನೋ. ಒಂದು ಉದ್ದನೆಯ ಹಗ್ಗಕ್ಕೆ ಊರಿನ ಹೆಂಗಸರೆಲ್ಲ ಹಾಲಿನಲ್ಲಿ ಅದ್ದಿದ ಬಟ್ಟೆ ಒಣಹಾಕುತ್ತಿದ್ದರು, ಬಟ್ಟೆಯಿಂದ ತೊಟ್ಟಿಕ್ಕಿದ್ದನ್ನು ಬೆಕ್ಕೂ ಮೂಸುತ್ತಿರಲಿಲ್ಲ. ಅತ್ತೆಯವರು ತಟ್ಟಿ ಎಬ್ಬಿಸಿದರು.

ಆಡಿನ ಹಾಲು ಕಾಯಿಸಿ ನೀರು ಬೆರೆಸಿ ಹತ್ತಿಯ ಬತ್ತಿಯ ಸಮೇತ ತೆಗೆದುಕೊಂಡು ಪಕ್ಕದ ಮನೆಗೆ ಹೋಗಿಬಂದೆ. ಕೂಸು ಅರ್ಧ ನುಂಗುತ್ತದೆ, ಅರ್ಧ ಕಕ್ಕುತ್ತದೆ. ಖಾಲಾ, ಇನ್ನೆರಡು ದಿನ ಇದನ್ನೇ ಹಾಕೋಣ, ಕಾಶಮ್ಮ ಬೇಡ ಎಂದೆ. ಕುಲ್ಸುಮ್ ಬೀ ಅಡಿಕೆ ಕತ್ತರಿಸುತ್ತಿದ್ದರು. ತಮ್ಮ ಮಗಳ ಕೂಸು ಆಡಿನ ಹಾಲಿಗೇ ಒಣಗಿ ಕಡ್ಡಿಯಾಗಿ ಕೈಯಲ್ಲೇ ಹೋಯಿತೆಂದರು. ಅದನ್ನು ಹೇಳುವಾಗ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. ಆಮೇಲೆ ನನ್ನ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲವೆಂದು ಅವರಿಗೂ ತಿಳಿಯಿತು, ತಿಳಿಯಿತೆಂದು ನನಗೂ ತಿಳಿಯಿತು.

“ನೋಡ ಬೇಟಿ,” ಎಂದರು, “ಹಾಲಿನ ಹಕ್ಕು ನಿಂದು. ನೀ ಬ್ಯಾಡ ಅಂದ್ರ ಕಾಶಮ್ಮನ್ನ ಬಂದ ಬಂಡ್ಯಾಗ ತಿರುಗಿಸಿ ಕಳಸ್ತೀನಿ, ನನ್ನ ಮಗನ್ನೂ ಕೇಳಂಗಿಲ್ಲ. ಆದ್ರ ಯಾಕ ಬ್ಯಾಡ? ಅಷ್ಟು ಹೇಳು ನನಗ.”

ಬಾಗಿಲ ಪರದೆಯ ಕೆಳಗೆ ಫಕ್ರುನ್ನೀಸಾಳ ಪಾದಗಳು ಕಾಣುತ್ತಿದ್ದವು, ಅಲುಗದೆ. ನಾನು ಬಟ್ಟಲು ಎತ್ತಿಕೊಂಡು ಬಂದೆ. ಅವರು ಹಿಂದಿನಿಂದ, “ಹೋಗ್ಲಿ ಬಿಡು, ನಿಮ್ಮ ಓದಿದವರ ಹಾಲು ತುಟ್ಟಿ ಇರತದ” ಎಂದರು. ನೋವಿಗೆ ಅಂದ ಮಾತು, ನನಗೆ ಸಿಟ್ಟಿಲ್ಲ.

ಮಧ್ಯಾಹ್ನ

ನಿಮ್ಮ ಕಡೆ ಬರುವ ಮೋಟರಿನ ಡ್ರೈವರ್ ಅಬ್ದುಲ್ ರಜಾಕ್ ಊಟಕ್ಕೆ ಹೋಗಿದ್ದಾನೆ. ಬಂದ ಕೂಡಲೇ ಈ ಕಾಗದ ಅವನ ಕೈಗೆ. ದೀಪ ಹಚ್ಚುವ ಹೊತ್ತಿಗೆ ಬಂಗಲೆಗೆ ಮುಟ್ಟಿಸುತ್ತೇನೆಂದು ಮಾತು ಕೊಟ್ಟಿದ್ದಾನೆ. ಏನು ಬಾಯಿಸಾಬ್, ಸಾಹೇಬರ ಮ್ಯಾಲೆ ಇಷ್ಟು ದಪ್ಪ ಫಿರ್ಯಾದಿ ಏನು, ಎಂದು ನಕ್ಕ.

ನಿಮ್ಮ ಬಂಗಲೆಯ ಮಗ್ಗುಲಲ್ಲೇ ತಹಸೀಲ ಕಚೇರಿ, ಅಲ್ಲಿ ಫೋನಿದೆಯೆಂದು ನೀವೇ ಬರೆದಿದ್ದೀರಿ. ಇಲ್ಲಿ ಅಂಚೆ ಮನೆಯಲ್ಲಿದೆ. ಪೋಸ್ಟ್ ಮಾಸ್ತರ ಗುಂಡಪ್ಪನವರಿಗೆ ಹೇಳಿ ಬಂದಿದ್ದೇನೆ. ಅವರ ಮನೆ ಅಂಚೆ ಮನೆಯ ಹಿಂದೆಯೇ, ಗಂಟೆ ಬಾರಿಸಿದರೆ ಯಾವ ಹೊತ್ತಾದರೂ ಎತ್ತುತ್ತೇನೆ ಎಂದಿದ್ದಾರೆ. ಹಬೀಬ್ ಬೀದರಿನಿಂದ ಬಳೆ ತೆಗೆದುಕೊಂಡು ಇಂದು ರಾತ್ರಿ ಊಟದ ಹೊತ್ತಿಗೆ ಬರುತ್ತಾನೆ. ನೀವು ಅವನನ್ನು ಕರೆಯಿರೆಂದರೆ ಮಾಸ್ತರರು ಕರೆಸುತ್ತಾರೆ. ನಿಮ್ಮ ಮಾತೆಂದರೆ ಅವನಿಗೆ ದೊಡ್ಡದು.

ಅವನೊಡನೆ ಇಲಾಖೆಯ ಮಾತು ಆಡಬೇಡಿ. ದಾರಿಯ ಮಾತು ಎತ್ತಲೇಬೇಡಿ. ಗಾಯ ಒಣಗಿದೆ, ರೋಗ ಒಣಗಿಲ್ಲ, ಅದು ಕೂಸಿಗೆ ಬಂದಿದೆ, ಇದರಲ್ಲಿ ಹೆಂಡತಿಯದೇನೂ ಇಲ್ಲ ಎಂದು ಹೇಳಿ. ಮೂವರಿಗೂ ಪೆನಿಸಿಲಿನ್ ಸೂಜಿ ಬೇಕು ಎನ್ನಿ; ಅವನು ಅಳಬಹುದು, ಫೋನ್ ಇಡಬೇಡಿ. ನೀವು ಬರುವವರೆಗೆ ಕೂಸಿಗೆ ಆಡಿನ ಹಾಲು, ಬತ್ತಿಯಿಂದ, ನಾನೇ ಹಾಕುತ್ತೇನೆ. ಯಾರ ಎದೆಗೂ ಬೇಡ. ಕಾಶಮ್ಮನನ್ನು ತಿರುಗಿ ಕಳಿಸುವ ಮಾತು ಅವನ ಬಾಯಿಂದಲೇ ಅವನ ತಾಯಿಗೆ ಹೋಗಲಿ. ಸೊಸೆಯ ಹೆಸರು ಎಲ್ಲೂ ಬರದಿರಲಿ.

ಅತ್ತೆಯವರು ನಿಮಗೆ ಆಶೀರ್ವಾದ ತಿಳಿಸಿದ್ದಾರೆ, ಪ್ರಭುಗಳ ಅಂಗಾರ ಈ ಕಾಗದದಲ್ಲಿಟ್ಟಿದ್ದಾರೆ, ಹಣೆಗೆ ಹಚ್ಚಿಕೊಳ್ಳಿ. ವೈಜು ತನ್ನ ಕಡೆಯಿಂದ ಮಸಿಯ ಬೆರಳು ಒತ್ತಿದ್ದಾನೆ, ಮೂಲೆಯಲ್ಲಿದೆ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ನೀವು ಮಾತಾಡಿದ ಊರುಗಳನ್ನೂ.

ನಿಮ್ಮ
ಯಶೋದಾ

ತಾ.ಕ.: ಮಡಿಚಿ ಅಂಟು ಹಚ್ಚುವವಳು ಮತ್ತೆ ಬಿಚ್ಚಿದ್ದೇನೆ. ವೈಜೂನ ಹಾಲು ಬಿಡಿಸಿದ್ದು ಬಿಸಿಲಿಗೆ ಅಲ್ಲ. ನನ್ನ ಬಲಗಡೆಯ ಎದೆಯ ಮೇಲೆ ಒಂದು ಹುಣ್ಣಾಗಿದೆ. ಅಂಗಿಯ ಗುಂಡಿಯಷ್ಟು, ಅಂಚು ಗಟ್ಟಿ, ನೋವಿಲ್ಲ. ಕಂಕುಳಲ್ಲಿ ಗಂಟು ಸಿಗುತ್ತದೆ. ವೈಜೂನ ಹೊಸ ಹಲ್ಲು ತಾಗಿರಬೇಕೆಂದು ತಿಳಿದಿದ್ದೆ, ಭಾನುವಾರದವರೆಗೆ. ವೈಜು ಯಾವಾಗಲೂ ಎಡಕ್ಕೆ, ದಿಲ್ಶಾದ್ ಬಲಕ್ಕೆ. ಆದರೆ ನಿದ್ದೆಗಣ್ಣಿನಲ್ಲಿ ಯಾರು ಯಾವ ಪಕ್ಕಕ್ಕೆ ಬಂದರೆಂದು ಯಾವ ತಾಯಿ ಆಣೆಯಿಟ್ಟು ಹೇಳಿಯಾಳು?

ಹಾಲೂಡುವ ಹೆಂಗಸಿಗೆ ಕೂಸಿನ ಬಾಯಿಂದ ಹೀಗೆ ಬರುವುದುಂಟು ಎಂದು ನಿಮ್ಮ ಪುಸ್ತಕದಲ್ಲಿ ಅರ್ಧ ಸಾಲಿದೆ. ಭಾಷಣದಲ್ಲಿ ಆ ಅರ್ಧ ಸಾಲಿಲ್ಲ, ಹಾಗಾಗಿ ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ನಿಮಗೆ ಗೊತ್ತಿದೆ. ಆದರೆ ಗೊತ್ತಿರುವುದು ಬೇರೆ, ಸ್ವಂತ ಹೆಂಡತಿಯ ಮೈಮೇಲೆ ಕಂಡಾಗ ಮೊದಲು ಮನಸ್ಸಿಗೆ ಬರುವುದು ಬೇರೆ. ನೀವು ಊರೂರು ತಿರುಗುವವರು, ನಾನು ಮನೆಯಲ್ಲಿ ಒಬ್ಬಳೇ ಇರುವವಳು. ಆ ಒಂದು ಕ್ಷಣ ನಿಮ್ಮ ಮನಸ್ಸಿನಲ್ಲಿ ಏನಿರುತ್ತದೆ ಎಂದೇ ನಾನು ಎರಡು ರಾತ್ರಿಯಿಂದ ಎದ್ದು ಕೂತಿರುವುದು, ಹುಣ್ಣಿಗಾಗಿ ಅಲ್ಲ.

ಫೋನ್ ಬಾರದಿದ್ದರೆ ಏನು ಮಾಡಬೇಕೆಂದೂ ನನಗೆ ತಿಳಿದಿದೆ. ಕಾಶಮ್ಮನ ಬಂಡಿ ಬರುವ ಮೊದಲೇ ಹೋಗಿ, ಜ್ವರ ಬಿಟ್ಟಿತು ಖಾಲಾ, ಕೂಸನ್ನು ಕೊಡ್ರಿ ಎನ್ನುತ್ತೇನೆ. ಇನ್ನು ಆ ಕೂಸಿನಿಂದ ನನಗೆ ಆಗಬೇಕಾದದ್ದು ಏನೂ ಉಳಿದಿಲ್ಲವಲ್ಲ. ಕಾಶಮ್ಮ ಉಳಿಯುತ್ತಾಳೆ. ಆಮೇಲೆ ಯಾರೂ ಯಾರಿಗೂ ಏನೂ ಹೇಳುವ ಪ್ರಸಂಗವೇ ಬರುವುದಿಲ್ಲ, ಹಬೀಬನಿಗೂ, ನಿಮಗೂ. ಎಷ್ಟು ಸುಲಭವಾಗಿ ಮುಚ್ಚಿಹೋಗುತ್ತದೆ ನೋಡಿ. ಆ ಸುಲಭಕ್ಕೇ ನನಗೆ ಹೆದರಿಕೆ.

ಉತ್ತರ ಬರೆಯಬೇಡಿ. ಬರೆಯುವಾಗ ನೀವು ಯೋಚಿಸುತ್ತೀರಿ, ಯೋಚಿಸಿ ಒಳ್ಳೆಯ ಮಾತನ್ನೇ ಬರೆಯುತ್ತೀರಿ. ನನಗೆ ಮಾತಿಗೆ ಮುಂಚಿನ ನಿಮ್ಮ ಉಸಿರು ಕೇಳಬೇಕು. ಹಬೀಬನೊಡನೆ ಮಾತು ಮುಗಿದ ಮೇಲೆ ಫೋನ್ ಇಡಬೇಡಿ, ನನ್ನನ್ನು ಕರೆಯಿರಿ. ವೈಜೂನನ್ನು ಅತ್ತೆಯವರ ಮಗ್ಗುಲಲ್ಲಿ ಮಲಗಿಸಿ ಅಂಚೆ ಮನೆಯ ಕಟ್ಟೆಯ ಮೇಲೆ ಬಂದು ಕೂತಿರುತ್ತೇನೆ. ರಜಾಕ್ ಹಾರ್ನ್ ಹೊಡೆಯುತ್ತಿದ್ದಾನೆ. ಬೆಳಗಾಗುವುದರೊಳಗೆ ಫೋನ್ ಮಾಡಿರಿ, ನಿಮ್ಮ ಕಾಲಿಗೆ ಬೀಳುತ್ತೇನೆ, ಬೆಳಗಾಗುವುದರೊಳಗೆ.